ಫ್ರಾ ತೊಮ್ಮಾಸೊನ ಪಾತಿಯ ಪುಂಡಿಪಲ್ಯ

ನರಗುಂದ ಬಿಟ್ಟದ್ದು

ನಾನು ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಹೆಡ್ ಮಾಸ್ತರ. ನಾನು ವರ್ಗದೊಳಗೆ ಕಾಲಿಟ್ಟರೆ ಹುಡುಗರೆಲ್ಲ ದಡಬಡ ಎದ್ದು ನಿಲ್ಲುತ್ತಿದ್ದರು. ಆ ಸದ್ದು ಕಿವಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ನಿವೃತ್ತನಾಗಿ ನರಗುಂದದ ಮನೆಯಲ್ಲಿ ಕೂತ ಮೇಲೆ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಮನೆಯಲ್ಲಿ ನಾನು ಬಂದರೆ ಯಾರೂ ಏಳುವುದಿಲ್ಲ. ನನ್ನ ಕುರ್ಚಿಯ ಮೇಲೆ ಮಲಗಿದ ಬೆಕ್ಕು ಕೂಡ ಏಳುವುದಿಲ್ಲ.

ನಾನು ಬಂದರೆ ಆಗಲೂ ಎದ್ದು ನಿಲ್ಲುತ್ತಿದ್ದವನು ಒಬ್ಬನೇ, ನನ್ನ ತಮ್ಮ ಬಸು. ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಅಂದರೆ ಅವನಿಗೂ ಈಗ ಐವತ್ತಾರು. ಸಿಯಾಟಲ್ ಹತ್ತಿರದ ಬಾಥೆಲ್ ಎಂಬಲ್ಲಿ ಮನೆ, ಅಲ್ಲೇ ಕ್ಯಾನ್ಯನ್ ಪಾರ್ಕಿನ ಒಂದು ಔಷಧ ಲ್ಯಾಬಿನಲ್ಲಿ ನೌಕರಿ. ಪ್ರತಿ ಭಾನುವಾರ ತಪ್ಪದೆ ಫೋನು ಮಾಡುತ್ತಾನೆ. ನಮ್ಮ ಮಾತು ಹೀಗಿರುತ್ತದೆ:

"ಆರಾಮ ಅದೀರೇನ್ರಿ ಅಣ್ಣಾರ?"

"ಆರಾಮ ಅದೀನಿ. ನೀ?"

"ಆರಾಮ್ರಿ. ಮಳಿ ಆತೇನ್ರಿ?"

"ಆತು."

ಅಷ್ಟಾದ ಮೇಲೆ ಫೋನು ನನ್ನ ಹೆಂಡತಿ ಶಾಂತಾಳ ಕೈಗೆ ಹೋಗುತ್ತದೆ. ಆಮೇಲೆ ಒಂದು ತಾಸು ಅತ್ತಿಗೆ ಮೈದುನರ ನಗು, ಹರಟೆ. ನಾನು ಪೇಪರ್ ಓದುವ ನೆಪದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ.

ಈ ಆಗಸ್ಟಿನಲ್ಲಿ ಅಮೆರಿಕಕ್ಕೆ ಹೊರಟಾಗ ಶಾಂತಾ ಜೊತೆಗೆ ಬರುವ ಹಾಗಿರಲಿಲ್ಲ. ಮೊಣಕಾಲಿನ ಆಪರೇಷನ್ ಆಗಿತ್ತು. ಚಟ್ನಿಪುಡಿಯ ಡಬ್ಬಿ ಕಟ್ಟುತ್ತ ಹೇಳಿದಳು:

"ಅಲ್ಲಿ ಹೋಗಿ ಅವಗ ಬುದ್ಧಿ ಹೇಳಾಕ ನಿಂದರಬ್ಯಾಡ್ರಿ. ಸುಮ್ನ ಬಾಜೂಕ ಕುಂತು ಮಾತಾಡಿ ಬರ್ರಿ. ಅವಗ ನಿಮ್ಮೊಳಗ ಅಪ್ಪ ಸಿಕ್ಕಾನ. ಅಣ್ಣ ಇನ್ನೂ ಸಿಕ್ಕಿಲ್ಲ."

ಇದು ಚಟ್ನಿಪುಡಿಗಿಂತ ಖಾರವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಯಾಕೆ ಬಂದಿದ್ದೀರಿ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದೂ ಅದೇ: "ತಮ್ಮನ ಜೊತೆ ಮಾತಾಡಲು." ಅವನು ನನ್ನನ್ನು ಒಂದು ಕ್ಷಣ ನೋಡಿದ. "ಬಹಳ ದೂರ ಬಂದಿದ್ದೀರಿ," ಎಂದು ಮುದ್ರೆ ಒತ್ತಿದ.

ಹೊರಗೆ ಬಸು ಕಾಯುತ್ತಿದ್ದ. ಅಷ್ಟು ಜನರ ನಡುವೆ ಬಗ್ಗಿ ಕಾಲು ಮುಟ್ಟಿದ. ನಾನು ಆಶೀರ್ವಾದಕ್ಕೆಂದು ಎರಡೂ ಕೈ ಎತ್ತಿದೆ. ಹಿಡಿತ ತಪ್ಪಿದ ಸಾಮಾನಿನ ಗಾಡಿ ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಒಬ್ಬ ಪೊಲೀಸನ ಮೊಣಕಾಲಿಗೆ ಬಡಿಯಿತು. ಇಬ್ಬರೂ ಕ್ಷಮೆ ಕೇಳಿದೆವು. ಇಬ್ಬರೂ ಜೊತೆಯಾಗಿ ಮಾಡಿದ ಮೊದಲ ಕೆಲಸ ಅದು.

ಕ್ರಾಸ್‌ರೋಡ್ಸ್

ಬಸುವಿನ ಮನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅಡಿಗೆಮನೆಯ ಕಿಟಕಿಗೆ ಒತ್ತಿ ಹಾಕಿದ ಉದ್ದನೆಯ ಬೆಂಚು. ಮುಂದೊಂದು ಮೇಜು. ಅಲ್ಲಿ ಕೂತರೆ ಹಿತ್ತಲಿನ ದೊಡ್ಡ ದೇವದಾರು ಮರಗಳು ಕಾಣುತ್ತವೆ. ಮನೆಯವರೆಲ್ಲ ಚಹಾ ಕುಡಿಯುವುದು, ಜಗಳಾಡುವುದು, ಬಸುವಿನ ಮಗಳು ಪಲ್ಲವಿ ಓದುವುದು ಎಲ್ಲ ಆ ಬೆಂಚಿನ ಮೇಲೆ. ನಾನು ಕಾಲಿಟ್ಟ ಕೂಡಲೇ ಬಸು ಮಾತ್ರ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದ.

ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿ, ಬುತ್ತಿ ಡಬ್ಬಿ ಹಿಡಿದು ನನ್ನ ಮುಂದೆ ಬಂದು ಹೇಳುತ್ತಿದ್ದ: "ಆಫೀಸಿಗೆ ಹೋಗಿ ಬರ್ತೇನ್ರಿ ಅಣ್ಣಾರ." ನಾನು ತಲೆಯಾಡಿಸುತ್ತಿದ್ದೆ. ಹಾಜರಿ ಹಾಕಿದಂತೆ.

ಮೂರನೆಯ ದಿನ ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಆ ಸೊಪ್ಪಿನ ಹುಳಿ ನಾಲಿಗೆಗೆ ತಾಕಿದ್ದೇ ತಡ ನಾನು ನರಗುಂದದಲ್ಲಿದ್ದೆ. "ಇದು ಇಲ್ಲೆಲ್ಲಿ ಸಿಗ್ತೈತಿ?" ಎಂದು ಬಸುವಿನ ಹೆಂಡತಿ ಸುನಂದಾಳನ್ನು ಕೇಳಿದೆ. ಅವಳು ಗಂಡನ ಕಡೆ ನೋಡಿದಳು. "ಯಾರೋ ಫ್ರೆಂಡ್ ಬೆಳೀತಾರ್ರಿ ಭಾವಾರ, ಅವರು ಕೊಟ್ರು," ಎಂದು ಒಲೆಯ ಕಡೆ ತಿರುಗಿದಳು.

ಶನಿವಾರ ಎಲ್ಲರೂ ಬೆಲ್‌ವ್ಯೂದ ಕ್ರಾಸ್‌ರೋಡ್ಸ್‌ಗೆ ಹೋದೆವು. ಅಂಗಡಿಗಳ ಆ ದೊಡ್ಡ ಕಟ್ಟಡದ ನಡುವೆ ಮಂದಿ ಬೇಕಾದ್ದು ಕೊಂಡು ಕೂತು ಉಣ್ಣುವ ಜಾಗ. ಒಂದು ಕಡೆ ನೆಲದ ಮೇಲೆ ಮೊಣಕಾಲೆತ್ತರದ ಕಾಯಿಗಳನ್ನಿಟ್ಟು ಮುದುಕರು ಚದುರಂಗ ಆಡುತ್ತಿದ್ದರು. ತೆಲುಗು, ತಮಿಳು, ಹಿಂದಿ, ಚೀನಿ, ರಷ್ಯನ್ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತಿತ್ತು. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಷ್ಟು ಗದ್ದಲವಿಲ್ಲದಿದ್ದರೂ ನನಗೆ ಹಾಯೆನಿಸಿತು.

ನಾನು, ಸುನಂದಾ, ಪಲ್ಲವಿ ಕೂತು ತಿನ್ನುತ್ತಿದ್ದೆವು. ಬಸು ನನ್ನ ಕುರ್ಚಿಯ ಹಿಂದೆ ನಿಂತಿದ್ದ. ನೀರು ಬೇಕೇ, ಚಮಚ ಬೇಕೇ ಎಂದು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಪಕ್ಕದ ಮೇಜಿನ ಹೆಂಗಸೊಬ್ಬಳು ಅವನನ್ನು ಕರೆದು, ತಮ್ಮ ಮೇಜನ್ನು ಸ್ವಲ್ಪ ಒರೆಸಿಕೊಡುತ್ತೀರಾ ಎಂದು ವಿನಯದಿಂದ ಕೇಳಿದಳು. ಬಸು ಕಾಗದದ ಕರವಸ್ತ್ರ ತೆಗೆದುಕೊಂಡು ಹೋಗಿ ಒರೆಸಿ ಬಂದ.

"ಡ್ಯಾಡ್! ವೈ ಡೋಂಟ್ ಯು ಜಸ್ಟ್ ಸಿಟ್ ಡೌನ್?" ಎಂದು ಪಲ್ಲವಿ ರೇಗಿದಳು. ಹದಿನೇಳರ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ದೊಡ್ಡಪ್ಪಾರ ಮುಂದ ಹೆಂಗ ಕುಂದ್ರೋದವಾ?" ಎಂದ ಬಸು.

ಸುನಂದಾ ನಕ್ಕಳು. ನಾನೂ ನಕ್ಕೆ. ಕೂತುಕೋ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಅದೂ ಅಪ್ಪಣೆಯೇ ಆಗುತ್ತಿತ್ತು. ಆಗಲೇ ಇನ್ನೊಂದು ಕಂಡಿತು. ಮೇಜು ಒರೆಸಿ ಬಂದ ಅವನ ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣಿತ್ತು. ವರ್ಷಗಟ್ಟಲೆ ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡಿದ ಕಣ್ಣು ನನ್ನದು. ಔಷಧ ಲ್ಯಾಬಿನಲ್ಲಿ ಇಷ್ಟು ಮಣ್ಣು ಎಲ್ಲಿಂದ ಬರುತ್ತದೆ ಎಂದುಕೊಂಡೆ.

ನಾರ್ತ್ ಕ್ರೀಕ್

ಸೋಮವಾರ ಸಂಜೆ ನಾಲ್ಕಕ್ಕೆ ಒಬ್ಬನೇ ತಿರುಗಾಡಲು ಹೊರಟೆ. ಮನೆಯಿಂದ ಇಳಿದರೆ ನಾರ್ತ್ ಕ್ರೀಕ್ ಹಳ್ಳದ ಗುಂಟ ಕಾಲುದಾರಿ. ಎರಡೂ ಬದಿಗೆ ಮುಳ್ಳುಕಂಟಿಯಲ್ಲಿ ಕರಿಹಣ್ಣು ಗೊಂಚಲುಗೊಂಚಲಾಗಿ ಹಣ್ಣಾಗಿ ಬಿದ್ದಿರುತ್ತವೆ, ಕೇಳುವವರಿಲ್ಲ. ನಮ್ಮ ಬಾರಿಹಣ್ಣಿನ ಗಿಡವಾಗಿದ್ದರೆ ಒಂದು ಮಧ್ಯಾಹ್ನದಲ್ಲಿ ಶಾಲೆಯ ಹುಡುಗರು ಬೋಳು ಮಾಡುತ್ತಿದ್ದರು. ಎದುರಿಗೆ ಬರುವ ಪ್ರತಿಯೊಬ್ಬರೂ "ಹಾಯ್" ಎನ್ನುತ್ತಾರೆ. ಮೊದಲ ದಿನ ನಾನು ಪರಿಚಯದವರಿರಬೇಕೆಂದು ನಿಂತು ಯಾವೂರು ಎಂದು ಕೇಳಿದ್ದೆ. ಅವರು ನಿಲ್ಲಲೇ ಇಲ್ಲ.

ದಾರಿಯ ಪಕ್ಕದಲ್ಲಿ ಊರವರು ಹಂಚಿಕೊಂಡು ಕಾಯಿಪಲ್ಲೆ ಬೆಳೆಯುವ ತೋಟವೊಂದಿದೆ. ಒಬ್ಬೊಬ್ಬರಿಗೆ ಒಂದೊಂದು ಪಾತಿ, ಅದರ ಮುಂದೆ ಬಣ್ಣ ಬಳಿದ ಹಲಗೆಯ ಮೇಲೆ ಅವರ ಹೆಸರು. ಓದುತ್ತ ಹೋದೆ. ಒಂದರ ಮೇಲೆ 'ಫ್ರಾ ತೊಮ್ಮಾಸೊ' ಎಂದಿತ್ತು. ಫ್ರಾ ಎಂದರೇನು? ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ ಹಾಕುವಂತೆ ಇವರೇನು ಫ್ರಾನ್ಸಿನವರೋ ಎಂದು ಯೋಚಿಸುತ್ತಿರುವಾಗ ಟೊಮೆಟೊ ಗಿಡಗಳ ಹಿಂದಿನಿಂದ ಒಬ್ಬ ಮುದುಕರು ಎದ್ದರು.

ಕಂದು ಬಣ್ಣದ ನಿಲುವಂಗಿ, ಸೊಂಟಕ್ಕೆ ಮೂರು ಗಂಟು ಹಾಕಿದ ಬಿಳಿ ಹಗ್ಗ, ಬೋಳು ತಲೆ, ಎದೆಯವರೆಗೆ ಬಿಳಿ ಗಡ್ಡ. ನನ್ನ ಮೈ ನನ್ನನ್ನು ಕೇಳಲಿಲ್ಲ. ನಮ್ಮ ಕಡೆ ಮಠದ ಅಜ್ಜಾರು ಎದುರಾದರೆ ಸೊಂಟ ತಾನೇ ಬಾಗುತ್ತದೆ. ಚಪ್ಪಲಿಯ ಹಾಗೆ ಮೆಟ್ಟಿಕೊಂಡಿದ್ದ ಬಸುವಿನ ಬಿಳಿ ಬೂಟುಗಳನ್ನು ಕಳಚಿ, ಮೊಣಕಾಲೂರಿ, ಅವರ ರಬ್ಬರ್ ಬೂಟಿಗೆ ಹಣೆ ಹಚ್ಚಿದೆ.

ಅವರು ಗಾಬರಿಯಾಗಿ "ನೋ, ನೋ, ನೋ!" ಎಂದರು. ನನ್ನನ್ನು ಎಬ್ಬಿಸಲು ನೋಡಿದರು. ನಾನು ಏಳದಿದ್ದಾಗ ಅವರೂ ಮೆಲ್ಲಗೆ ಮೊಣಕಾಲೂರಿ ನನ್ನ ಬರಿಗಾಲು ಮುಟ್ಟಿದರು. ಒಬ್ಬ ಸ್ವಾಮಿ ನನ್ನ ಕಾಲು ಮುಟ್ಟುವುದೆಂದರೆ! ನಾನು ಮತ್ತೆ ಅವರ ಕಾಲಿಗೆ ಬಿದ್ದೆ. ಅವರು ಮತ್ತೆ ನನ್ನ ಕಾಲಿಗೆ. ಕೊನೆಗೆ ಇಬ್ಬರಿಗೂ ಏಳಲು ಬರಲಿಲ್ಲ. ಅವರಿಗೆ ಎಂಬತ್ತರ ಮೊಣಕಾಲು, ನನಗೆ ಅರವತ್ತೇಳರದ್ದು. ಪಕ್ಕದ ಪಾತಿಯ ಹೆಂಗಸು ಇಬ್ಬರು ಮುದುಕರು ಒಟ್ಟಿಗೆ ಕುಸಿದರೆಂದು ತಿಳಿದು ಆಂಬುಲೆನ್ಸಿಗೆ ಫೋನು ಹಚ್ಚುತ್ತ ಓಡಿಬಂದಳು. ಅವಳೇ ಒಬ್ಬೊಬ್ಬರನ್ನಾಗಿ ಎತ್ತಿ ಬೆಂಚಿನ ಮೇಲೆ ಕೂರಿಸಿದಳು.

ಉಸಿರು ತಿರುಗಿದ ಮೇಲೆ ಮುದುಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀವು ನನ್ನನ್ನು ಯಾರೆಂದುಕೊಂಡಿರಿ?"

"ಸ್ವಾಮಿಗಳು. ಫಾದರ್," ಎಂದೆ.

"ಫಾದರ್ ಅಲ್ಲ. ಫ್ರಾ."

ಅವರ ಇಂಗ್ಲಿಷಿನಲ್ಲಿ ಇಟಲಿ ಇತ್ತು, ನನ್ನದರಲ್ಲಿ ನರಗುಂದ. ಆದರೂ ತಿಳಿಯಿತು. ಲ್ಯಾಟಿನ್ನಿನಲ್ಲಿ 'ಫ್ರಾತೆರ್' ಎಂದರೆ ಒಡಹುಟ್ಟಿದ ಸೋದರ. ಅದು ಇಟಲಿಯವರ ಬಾಯಲ್ಲಿ 'ಫ್ರಾತೆ' ಆಯಿತು. ಹೆಸರಿನ ಮುಂದೆ ಬಂದಾಗ ಬಾಲ ಕಳೆದುಕೊಂಡು ಬರೀ 'ಫ್ರಾ' ಆಗಿ ಉಳಿಯಿತು. ಎಂಟುನೂರು ವರ್ಷಗಳ ಹಿಂದೆ ಅಲ್ಲಿನ ಒಂದು ಬೆಟ್ಟದೂರಿನಲ್ಲಿ ಬಟ್ಟೆ ವ್ಯಾಪಾರಿಯ ಮಗನೊಬ್ಬ ಇದ್ದದ್ದನ್ನೆಲ್ಲ ಬಿಟ್ಟು ಭಿಕ್ಷೆ ಬೇಡುತ್ತ ಹೊರಟನಂತೆ. ನಾಲ್ಕು ಜನ ಅವನ ಹಿಂದೆ ಬಂದರು. ಆ ಕಾಲದ ಮಠಗಳಲ್ಲಿ ಹಿರಿಯರಿಗೆ ದೊಡ್ಡ ದೊಡ್ಡ ಬಿರುದುಗಳಿದ್ದವು. ತಮ್ಮೊಳಗೆ ಯಾರೂ ಒಡೆಯನಲ್ಲ, ಎಲ್ಲರೂ ಕಿರಿಯ ಸೋದರರು ಎಂದು ಇವನು ಸೋದರ ಎಂಬ ಆ ಒಂದೇ ಮಾತು ಇಟ್ಟುಕೊಂಡ. ಪೂಜೆಯ ದೀಕ್ಷೆ ಪಡೆದವರನ್ನು 'ಪಾದ್ರೆ' ಎನ್ನುತ್ತಾರೆ, ಅಂದರೆ ತಂದೆ. ನಾವು ಪಾದ್ರಿ ಎನ್ನುವುದೂ ಆ ಮೂಲದ್ದೇ.

"ನಾನು ಆ ದೀಕ್ಷೆ ತೆಗೆದುಕೊಳ್ಳಲಿಲ್ಲ. ನನಗೆ ಫ್ರಾ ಸಾಕು. ತಂದೆಯಾದರೆ ಎತ್ತರದಲ್ಲಿ ನಿಲ್ಲಬೇಕಾಗುತ್ತದೆ," ಎಂದರು.

ನಮ್ಮ ಕಡೆಯೂ ಶರಣರು ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎಂದೇ ಕರೆದರಲ್ಲವೇ ಎಂದು ಹೊಳೆಯಿತು. ಜೋಳಿಗೆ ಹಾಕಿ ಮನೆಮನೆಗೆ ಬರುವ ಜಂಗಮರ ವಿಷಯ ಹೇಳಿದೆ. ಫ್ರಾ ತೊಮ್ಮಾಸೊ ಕೈ ತಟ್ಟಿ ಸಂತೋಷಪಟ್ಟರು. ಹಾಗಾದರೆ ನಿಮ್ಮಲ್ಲಿ ಹಿರಿಯರು ಯಾರು, ಅಪ್ಪಣೆ ಕೊಡುವವರು ಯಾರು ಎಂದು ಕೇಳಿದೆ. ಹೆಡ್ ಮಾಸ್ತರನಿಗೆ ಬರಬೇಕಾದ ಪ್ರಶ್ನೆಯೇ.

"ಒಬ್ಬನನ್ನು ಆರಿಸುತ್ತೇವೆ. ಕೆಲವು ವರ್ಷ ನೋಡಿಕೊಳ್ಳುತ್ತಾನೆ, ಆಮೇಲೆ ಮತ್ತೆ ಎಲ್ಲರ ಹಾಗೆ. ಪಾತ್ರೆ ತೊಳೆಯುವ ಪಾಳಿ ಅವನಿಗೂ ಉಂಟು."

"ಅವರು ಒಳಗೆ ಬಂದರೆ ಎದ್ದು ನಿಲ್ಲುವುದಿಲ್ಲವೇ?"

"ನಮ್ಮ ಮನೆಯಲ್ಲಿ ನಾವು ಮೂರೇ ಜನ, ಒಂದೇ ಬೆಂಚು. ಯಾರು ಬಂದರೂ ಏಳುವುದಿಲ್ಲ. ಸರಿದು ಜಾಗ ಕೊಡುತ್ತೇವೆ."

ನಾನು ಅವರ ಪಾತಿ ನೋಡುತ್ತ ಕೂತೆ. ಟೊಮೆಟೊ, ತುಳಸಿಯಂಥ ಒಂದು ಸೊಪ್ಪು, ಬೀನ್ಸು. ಅದರಾಚೆ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಕೆಂಪು ದಂಟಿನ, ಕೈಬೆರಳಿನಂಥ ಎಲೆಯ ನಾಲ್ಕು ಸಾಲು. ಚಳಿಗೆ ಗಿಡ್ಡವಾಗಿದ್ದರೂ ಗುರುತು ಹತ್ತದೆ ಇರುತ್ತದೆಯೇ? ಪುಂಡಿ.

"ಇದನ್ನು ಹಾಕಿದವರು ಯಾರು?"

"ನನ್ನ ಗೆಳೆಯ. ನಿಮ್ಮ ದೇಶದವನು, ಬಸು. ಭಾರತದಿಂದ ಅಣ್ಣ ಬರುತ್ತಾನೆ, ಅಣ್ಣನಿಗೆ ಈ ಸೊಪ್ಪೆಂದರೆ ಪ್ರಾಣ ಎಂದು ಮೇ ತಿಂಗಳಿನಿಂದ ಮಗುವಿನ ಹಾಗೆ ಸಾಕಿದ್ದಾನೆ."

"ಆ ಅಣ್ಣ ನಾನೇ," ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಬಸುವಿನ ಅಣ್ಣ! ಹಾಗಾದರೆ ಅವನ ಜೊತೆಯಲ್ಲೇ ಬರಬಹುದಿತ್ತಲ್ಲ. ದಿನಾ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಇಲ್ಲೇ ಇರುತ್ತಾನೆ."

"ಇಲ್ಲ, ಬೆಳಿಗ್ಗೆ ಅವನು ಆಫೀಸಿನಲ್ಲಿರುತ್ತಾನೆ."

ಫ್ರಾ ತೊಮ್ಮಾಸೊರ ಮುಖ ನಿಧಾನವಾಗಿ ಬದಲಾಯಿತು. ನನ್ನ ಕೈ ಬಿಡಲಿಲ್ಲ. ಟೊಮೆಟೊಗಳ ಕಡೆ ಮುಖ ತಿರುಗಿಸಿದರು.

ಮನೆಯಲ್ಲಿ ಸುನಂದಾ ಒಬ್ಬಳೇ ಇದ್ದಳು. "ಬಸುನ ನೌಕರಿ ಯಾವಾಗ ಹೋತವಾ?" ಎಂದು ಕೇಳಿದೆ. ಅವಳು ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಯುಗಾದಿ ಮುಂದ್ರಿ ಭಾವಾರ. ಲ್ಯಾಬ್ ಮುಚ್ಚಿದ್ರು. ನಾ ಹೇಳಿಬಿಡ್ರಿ ಅಂದೆ. ಅಣ್ಣಾರ ಮುಂದ ಯಾವ ಮುಖಾ ಇಟ್ಕೊಂಡು ನಿಂದರ್ಲಿ ಅಂದ್ರು. ನೀವು ಹೋಗೂತನಕ ಹಿಂಗ ನಡಸೂಣು ಅಂದ್ರು. ಬೆಳಿಗ್ಗೆ ತೋಟಕ್ಕ ಹೋಗ್ತಾರ, ಮಧ್ಯಾಹ್ನ ಲೈಬ್ರರಿಗೆ ಹೋಗಿ ಅರ್ಜಿ ಹಾಕ್ತಾರ."

ಆರು ಗಂಟೆಗೆ ಬಸು ಬಂದ. ನನ್ನನ್ನು ಕಂಡು ನಿಂತ. "ಮೀಟಿಂಗ್ ಭಾಳ ಇದ್ವುರಿ ಇವತ್ತ," ಎಂದ. ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಐವತ್ತಾರು ವರ್ಷದ ಮನುಷ್ಯ ನನ್ನ ಭಯಕ್ಕೆ ಇಸ್ತ್ರಿ ಅಂಗಿ ತೊಟ್ಟು ಊರೆಲ್ಲ ಅಲೆಯುತ್ತಿದ್ದಾನೆ. ಇಂಥ ಮರ್ಯಾದೆ ಯಾರಿಗೆ ಬೇಕಾಗಿತ್ತು?

ಮರುದಿನ, ಅದೇ ತೋಟ

ಹತ್ತೂವರೆಗೆ ಹೋದೆ. ಬಸು ಅಂಗಿಯ ತೋಳು ಮಡಚಿ ಕಳೆ ಕೀಳುತ್ತಿದ್ದ. ಪಕ್ಕದಲ್ಲಿ ಫ್ರಾ ತೊಮ್ಮಾಸೊ ಏನೋ ಹೇಳುತ್ತಿದ್ದರು, ಬಸು ಬಾಯಿತುಂಬ ನಗುತ್ತಿದ್ದ. ಅವನು ಹೀಗೆ ನಗುವುದನ್ನು ನಾನು ಫೋನಿನಲ್ಲಿ ಶಾಂತಾಳ ಕಿವಿಯ ಪಕ್ಕದಿಂದ ಮಾತ್ರ ಕೇಳಿದ್ದೆ.

ನನ್ನನ್ನು ನೋಡಿದ. ಕಳೆ ತೆಗೆಯುವ ಕುರ್ಚಿಗಿ ಕೈಯಿಂದ ಬಿತ್ತು. ಎದ್ದು, ಎರಡೂ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ನಿಂತ. ಫ್ರಾ ತೊಮ್ಮಾಸೊ ಆಗಲೇ ತುಂಬಿದ್ದ ನೀರಿನ ಡಬ್ಬಿಯನ್ನೇ ಎತ್ತಿಕೊಂಡು, ನೀರು ತರುತ್ತೇನೆಂದು ಹೊರಟುಹೋದರು.

"ಯಾಕ ಹೇಳಲಿಲ್ಲ?" ಎಂದೆ. ಅದು ವರ್ಗದಲ್ಲಿ ಕೇಳುವ ದನಿಯೇ ಆಗಿತ್ತು. ಬಾಯಿಂದ ಬಿದ್ದ ಮೇಲೆ ತಿಳಿಯಿತು.

"ತಪ್ಪಾತ್ರಿ ಅಣ್ಣಾರ."

ನಾನು ಪಾತಿಯ ಕಟ್ಟಿಗೆಯ ಅಂಚಿನ ಮೇಲೆ ಕೂತುಬಿಟ್ಟೆ. ಮೊಣಕಾಲು ಸದ್ದು ಮಾಡಿತು. ಕೆಳಗಿನಿಂದ ನೋಡಿದರೆ ಬಸು ಬಹಳ ಎತ್ತರ ಕಂಡ. ಅವನನ್ನು ನಾನು ಈ ಕಡೆಯಿಂದ ನೋಡಿಯೇ ಇರಲಿಲ್ಲ.

ನಮ್ಮಪ್ಪ ತೀರಿಕೊಂಡಾಗ ನನಗೆ ಹತ್ತೊಂಬತ್ತು, ಬಸುವಿಗೆ ಎಂಟು. ಹನ್ನೊಂದನೆಯ ದಿನ ಹಿರಿಯರು ಸೇರಿ ನನ್ನ ತಲೆಗೆ ಅಪ್ಪನ ರುಮಾಲು ಸುತ್ತಿ, ಇನ್ನು ಮನೆಗೆ ನೀನೇ ಯಜಮಾನ ಎಂದರು. ಅಲ್ಲಿಯವರೆಗೆ ನಾವಿಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದೆವು. ಅವನು ನನ್ನ ಪಾಲಿನದಕ್ಕೂ ಕೈ ಹಾಕುವುದು, ನಾನು ಬೈಯುವುದು, ಅದೇ ನಮ್ಮ ಊಟ. ಆ ಸಂಜೆ ಅವ್ವ ನನಗೆ ಬೇರೆ ತಾಟು ಹಾಕಿ, ಅಪ್ಪನ ಮಣೆಯ ಮೇಲೆ ಕೂರಿಸಿದಳು. ಬಸು ಓಡಿಬಂದು ಯಾವತ್ತಿನಂತೆ ನನ್ನ ತಾಟಿಗೆ ಕೈ ಹಾಕಿದ. ಅವ್ವ ಅವನ ಕೈ ಹಿಡಿದು ಸರಿಸಿದಳು. "ಅಣ್ಣಾರು ಉಂಡ ಮ್ಯಾಲೆ," ಎಂದಳು.

ಇದನ್ನೆಲ್ಲ ಅವನಿಗೆ ಹೇಳಿದೆ. ಶಾಂತಾಳಿಗೂ ಎಂದೂ ಹೇಳಿರಲಿಲ್ಲ.

"ಬ್ಯಾಡ, ಅವ ಇಲ್ಲೇ ಉಣ್ಣಲಿ ಅಂತ ನಾ ಅವ್ವಗ ಅನಬೇಕಾಗಿತ್ತೊ ಬಸು. ನನ್ನ ತಲಿಮ್ಯಾಲ ರುಮಾಲಿತ್ತು. ನಾ ಸುಮ್ನ ಕುಂತೆ. ನನಗೂ ಅಂಜಿಕಿ ಆಗಿತ್ತು. ಅವತ್ತಿಂದ ಹಂಗ ಸುಮ್ನ ಕುಂತೀನಿ."

ಎಂಟು ವರ್ಷದವನಿಗೆ ಅದೇನೂ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಸು ಪುಂಡಿಗಿಡಗಳನ್ನು ನೋಡುತ್ತ ನಿಂತಿದ್ದ.

"ಅವತ್ತ ಬದನಿಕಾಯಿ ಪಲ್ಯ ಇತ್ರಿ," ಎಂದ. "ನೀವು ಒಂದು ತುತ್ತೂ ಉಣಲಿಲ್ಲ. ನಾ ಬಾಗಲಾ ಹಿಂದ ನಿಂತು ನೋಡಿದೆ."

ಆಮೇಲೆ ಅವನ ಹೆಗಲು ಅಲುಗತೊಡಗಿತು. ನಾನು ಕೈ ಚಾಚಿದೆ. ಸಿಕ್ಕಿದ್ದು ಅವನ ಅಂಗೈ, ಮಣ್ಣು ಮೆತ್ತಿದ್ದು. ಹಿಡಿದುಕೊಂಡು ನಾನೂ ಅತ್ತೆ. ದಾರಿಯಲ್ಲಿ ಹೋಗುವವರು ನಮಗೂ "ಹಾಯ್" ಎಂದು ಹೋದರು.

ಸುಮಾರು ಹೊತ್ತಾದ ಮೇಲೆ ಅವನು ಬುತ್ತಿ ಡಬ್ಬಿ ತೆಗೆದ. ರೊಟ್ಟಿ, ಅದೇ ಪುಂಡಿಪಲ್ಯ. ನಾನು ಒಂದು ತುಂಡು ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳುತ್ತ ಡಬ್ಬಿಯನ್ನು ಅವನ ಕಡೆ ಚಾಚಿದೆ. ಅವನು ಅದೇ ಡಬ್ಬಿಗೆ ಕೈ ಹಾಕಿದ. ಉಂಡ. ಆದರೆ ನಿಂತೇ ಉಂಡ! ನೀರಿನ ಡಬ್ಬಿ ಹಿಡಿದು ವಾಪಸು ಬಂದ ಫ್ರಾ ತೊಮ್ಮಾಸೊ ಅದನ್ನು ನೋಡಿ ತಲೆಯಾಡಿಸಿದರು. ನಲವತ್ತೆಂಟು ವರ್ಷದ ಅಭ್ಯಾಸ, ಒಂದು ಬೆಳಿಗ್ಗೆಗೆ ಬಿಡುತ್ತದೆಯೇ? ನಾವು ಮೂವರೂ ನಕ್ಕೆವು.

ಹೊರಡುವ ದಿನ

ಆಮೇಲೆ ಮೂರು ವಾರ ಇದ್ದೆ. ಪರ್ವತ ತೋರಿಸಿದರು, ಸಮುದ್ರ ತೋರಿಸಿದರು, ಅವುಗಳ ವಿಷಯ ಬೇರೆಯವರು ನನಗಿಂತ ಚೆನ್ನಾಗಿ ಬರೆದಾರು. ನನ್ನ ದಿನಗಳು ತೋಟದಲ್ಲಿ ಕಳೆದವು. ಬಸು ಇಸ್ತ್ರಿ ಅಂಗಿ ಬಿಟ್ಟು ಹಳೆಯ ಬನಿಯನ್ನಿನಲ್ಲಿ ಬರತೊಡಗಿದ. ಮಾತು ಹನಿಹನಿಯಾಗಿ ಬಂತು. ಲ್ಯಾಬು ಮುಚ್ಚಿದ ದಿನ ಕಾರಿನೊಳಗೆ ಎಷ್ಟು ಹೊತ್ತು ಕೂತಿದ್ದನೆಂದು ಹೇಳಿದ. ಈ ವಯಸ್ಸಿಗೆ ಯಾರು ಕೆಲಸ ಕೊಡುತ್ತಾರೆ ಎಂಬ ಹೆದರಿಕೆ ಹೇಳಿದ. ನನಗೆ ಗೊತ್ತಿಲ್ಲ ಎಂದೆ. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅರ್ಜಿಗಳಿಗೆ ಇನ್ನೂ ಯಾರೂ ಹೂಂ ಎಂದಿಲ್ಲ, ನಾನು ಇದನ್ನು ಬರೆಯುವ ಹೊತ್ತಿಗೂ.

ಫ್ರಾ ತೊಮ್ಮಾಸೊಗೆ ಹೋಗಿ ಬರುತ್ತೇನೆಂದು ಹೇಳಲು ಹೋದಾಗ ಮತ್ತೆ ಸೊಂಟ ಬಾಗಲು ಹೊರಟಿತು. ಅವರು ಬೆರಳೆತ್ತಿ ಹೆದರಿಸಿದರು. ಇಬ್ಬರೂ ಅಪ್ಪಿಕೊಂಡೆವು. ಗಡ್ಡಕ್ಕೆ ಟೊಮೆಟೊ ಎಲೆಯ ವಾಸನೆ ಇತ್ತು.

ಹೊರಡುವ ದಿನ ಬೆಳಿಗ್ಗೆ ಅಡಿಗೆಮನೆಗೆ ಇಳಿದು ಬಂದೆ. ಬಸು ಒಬ್ಬನೇ ಕಿಟಕಿಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದ. ಪಕ್ಕದಲ್ಲಿ ಚಹಾ. ನನ್ನ ಚಪ್ಪಲಿಯ ಸದ್ದಿಗೆ ಅವನ ಎರಡೂ ಕೈ ಮೇಜಿಗೆ ಊರಿದವು. ಏಳಲು ಹೊರಟ ಬೆನ್ನು ನನಗೆ ಕಂಡಿತು. ನಾನು ಬಾಗಿಲಲ್ಲೇ ನಿಂತೆ.

ಅವನು ಏಳಲಿಲ್ಲ. ತಲೆಯೆತ್ತಿ ನೋಡಲೂ ಇಲ್ಲ. ಚಹಾದ ಲೋಟವನ್ನು ಆಚೆ ತಳ್ಳಿ, ಗೋಡೆಯ ಕಡೆಗೆ ಸರಿದ.

ನಾನು ಹೋಗಿ ಕೂತೆ. ಆ ಜಾಗ ಇನ್ನೂ ಬೆಚ್ಚಗಿತ್ತು.